ಸೋದರಮಾವನ ಕಾಯಿಲೆ ಅಳಿಯನ ಮೈಗೆ

ಕಾಪುವಿನ ಓದುಗರೊಬ್ಬರು ಕೇಳಿದ್ದಾರೆ: "ರಷ್ಯಾದ ರಾಜಕುಮಾರ ಅಲೆಕ್ಸಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ ಇತ್ತಂತೆ. ಅಪ್ಪ ಅಮ್ಮ ಇಬ್ಬರಿಗೂ ಇರಲಿಲ್ಲವಂತೆ. ಹಾಗಾದರೆ ಅದು ವಂಶದ ಕಾಯಿಲೆ ಹೇಗೆ?"

ತುಳುನಾಡಿನವರಿಗೆ ಇದರ ಉತ್ತರ ಬೇರೆಯವರಿಗಿಂತ ಬೇಗ ತಿಳಿಯಬೇಕು. ಇಲ್ಲಿ ಅಳಿಯಸಂತಾನ ಎಂದರೆ ಯಾರಿಗೂ ವಿವರಿಸಬೇಕಿಲ್ಲವಲ್ಲ!

ಕಾಯಿಲೆಯ ಹೆಸರು ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ 8ನೆಯ ಫ್ಯಾಕ್ಟರ್ ಕೊರತೆಯಾದರೆ ಎ ಬಗೆ, 9ನೆಯದಾದರೆ ಬಿ ಬಗೆ. ಎರಡರ ಜೀನ್‌ಗಳೂ ಎಕ್ಸ್ ಕ್ರೋಮೋಸೋಮಿನಲ್ಲಿವೆ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾಯುತ್ತದೆ. ಗಂಡಿಗೆ ಒಂದೇ, ಅದೂ ತಾಯಿ ಕೊಟ್ಟದ್ದು.

ಕಾರ್ಕಳದ ಭೈರರಸರಂಥ ಮನೆತನಗಳಲ್ಲಿ ಪಟ್ಟ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಪದ್ಧತಿಯಿತ್ತು. ಯುರೋಪಿನ ಅರಸರು ಪಟ್ಟವನ್ನು ಮಗನಿಗೇ ಕಟ್ಟಿದರು. ಅವರ ಕಾಯಿಲೆ ಮಾತ್ರ ಅಳಿಯಸಂತಾನದ ದಾರಿ ಹಿಡಿಯಿತು! ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್ 1884ರಲ್ಲಿ ಜಾರಿ ಬಿದ್ದು ಮರುದಿನವೇ ತೀರಿಕೊಂಡ, ವಯಸ್ಸು 30. ಅವನ ಅಕ್ಕ ಆಲಿಸ್‌ಳ ಮಗ ಫ್ರೆಡ್ರಿಕ್ 1873ರಲ್ಲಿ ಕಿಟಕಿಯಿಂದ ಬಿದ್ದು, ಇನ್ನೂ ಮೂರು ತುಂಬುವ ಮೊದಲೇ ಹೋದ. ಆ ಫ್ರೆಡ್ರಿಕ್‌ನ ತಂಗಿಯೇ ರಷ್ಯಾದ ರಾಣಿ ಅಲೆಕ್ಸಾಂಡ್ರಾ, ಅವಳ ಮಗ ಅಲೆಕ್ಸಿ. ಮಾವ, ಅಳಿಯ, ಆ ಅಳಿಯನ ಅಳಿಯ! ನಡುವಿನ ಹೆಣ್ಣುಮಕ್ಕಳು ಆರೋಗ್ಯವಾಗಿದ್ದುಕೊಂಡೇ ಜೀನನ್ನು ದಾಟಿಸಿದರು.

ಗೀರು ಬಿದ್ದರೆ ಸಾಕು, ರಕ್ತ ಸೋರಿ ಸಾಯುತ್ತಾರೆ ಎಂಬ ನಂಬಿಕೆ ತಪ್ಪು. ರಕ್ತ ರಭಸದಿಂದ ಹರಿಯುವುದಿಲ್ಲ, ಬಹಳ ಹೊತ್ತು ಜಿನುಗುತ್ತದೆ. ನಿಜವಾದ ಹಿಂಸೆ ಗಂಟುಗಳ, ಸ್ನಾಯುಗಳ ಒಳಗೆ. 1912ರಲ್ಲಿ ಪೋಲೆಂಡಿನ ಸ್ಪಾಲಾದಲ್ಲಿ ಎಂಟು ವರ್ಷದ ಅಲೆಕ್ಸಿಯ ತೊಡೆಸಂದಿಯಲ್ಲಿ ರಕ್ತ ತುಂಬಿ ಊದಿಕೊಂಡಿತು. ಎಡಗಾಲನ್ನು ಹೊಟ್ಟೆಗೆ ಒತ್ತಿಕೊಂಡು ಹುಡುಗ ಹಗಲೂ ರಾತ್ರಿಯೂ ಅರಚಿದ. ಆಮೇಲೂ ಬಹುಕಾಲ ಆ ಕಾಲು ನೆಟ್ಟಗಾಗಲಿಲ್ಲ. ರಾಣಿ ನಂಬಿದ್ದ ಸಾಧು ರಾಸ್ಪುಟಿನ್‌ನ ತಂತಿ ಬಂತು, ಸ್ರಾವ ಕಡಿಮೆಯಾಯಿತು, ತಾಯಿ ಅದನ್ನು ಪವಾಡವೆಂದೇ ನಂಬಿದಳು. ಆದರೆ ಒಳಗೆ ಕೂಡಿದ ರಕ್ತದ ಒತ್ತಡಕ್ಕೇ ಸ್ರಾವ ನಿಲ್ಲುವುದುಂಟು. 2009ರಲ್ಲಿ ಆ ಕುಟುಂಬದ ಮೂಳೆಗಳ ಡಿಎನ್‌ಎ ಓದಿದಾಗ ಕಾರಣ ಸಿಕ್ಕಿತು: 9ನೆಯ ಫ್ಯಾಕ್ಟರಿನ ಜೀನಿನಲ್ಲಿ 'ಎ' ಇರಬೇಕಾದ ಒಂದೇ ಒಂದು ಕಡೆ 'ಜಿ' ಇತ್ತು. ಒಂದು ಅಕ್ಷರದ ತಪ್ಪು, ಅಷ್ಟೇ!

ನಮ್ಮಲ್ಲಿ ಮಗುವಿನ ಮೊಣಕಾಲು ಊದಿಕೊಂಡರೆ ನಾಗದೋಷವೇ ಎಂದು ಪ್ರಶ್ನೆ ಇಡಿಸುವವರಿದ್ದಾರೆ, ಸೊಸೆಯ ಕಾಲ್ಗುಣ ಎನ್ನುವವರೂ ಇದ್ದಾರೆ. ಇದು ಅನ್ಯಾಯ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದ ಹಿಂದಿನವರಲ್ಲಿ ಕಾಯಿಲೆಯ ಸುಳಿವೇ ಇರುವುದಿಲ್ಲ. ಜೀನಿನ ತಪ್ಪು ಹೊಸದಾಗಿಯೂ ಹುಟ್ಟುತ್ತದೆ. ಪ್ರಶ್ನೆ ಇಡಿಸುವ ಬದಲು ಮಣಿಪಾಲದ ಕಸ್ತೂರ್ಬಾದಂಥ ದೊಡ್ಡ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಪರೀಕ್ಷೆ ಮಾಡಿಸಿ. ನೋವಿಗೆಂದು ಆಸ್ಪಿರಿನ್ ಕೊಡಲೇಬೇಡಿ, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಅಲೆಕ್ಸಿಗೆ ಸಿಗದ ಫ್ಯಾಕ್ಟರ್ ಚುಚ್ಚುಮದ್ದು ಇಂದು ಇದೆ. ವೆಲ್ಲೂರಿನ ಸಿಎಂಸಿ ವೈದ್ಯರು ಎ ಬಗೆಯ ಐವರು ರೋಗಿಗಳಿಗೆ ಜೀನ್ ಚಿಕಿತ್ಸೆ ಕೊಟ್ಟು, 2024ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ.

ಒಂದು ಕಡೆ ಮಾತ್ರ ಅಳಿಯಸಂತಾನದ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಮಕ್ಕಳು ತಾಯಿಯ 'ಬಳಿ'ಗೆ ಸೇರುತ್ತಾರೆ. ಹಾಗಾಗಿ ಕಾಯಿಲೆಯಿದ್ದ ಗಂಡಸಿನ ಮಗಳನ್ನು ಅವನ ಕುಟುಂಬ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಅವನಿಗಿರುವ ಒಂದೇ ಎಕ್ಸ್ ಮಗಳಿಗೆ ಹೋಗಲೇಬೇಕು. ಅಂಥವನ ಪ್ರತಿ ಮಗಳೂ ವಾಹಕಿಯೇ. ಲಿಯೊಪೋಲ್ಡ್‌ನ ಮಗಳ ಮಗ ರೂಪರ್ಟ್ 1928ರಲ್ಲಿ ಕಾರು ಅಪಘಾತದ ಬಳಿಕ ತೀರಿಕೊಂಡ. ಅಜ್ಜನ ಕಾಯಿಲೆಯೇ ಮೊಮ್ಮಗನಿಗೂ ಇತ್ತು. ಆದ್ದರಿಂದ ಮನೆಯಲ್ಲಿ ಈ ಕಾಯಿಲೆ ಕಂಡಿದ್ದರೆ, ಆ ಗಂಡಸಿನ ಅಕ್ಕತಂಗಿಯರ ಜೊತೆಗೆ ಅವನ ಹೆಣ್ಣುಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯಿರಿ. ಮಗಳು ಬಸುರಿಯಾದಾಗ ವೈದ್ಯರಿಗೆ ಮೊದಲೇ ತಿಳಿಸಿದರೆ ಹೆರಿಗೆಯನ್ನೇ ಜಾಗ್ರತೆಯಿಂದ ಮಾಡಿಸಬಹುದು, ಮಗುವಿಗೆ ಮೊದಲ ದಿನದಿಂದಲೇ ಆರೈಕೆ ಸಿಗುತ್ತದೆ.