ಬುದ್ಧಿಲಬ್ಧ: ಅಂಕಿಯ ಹಿಂದಿರುವ ಅರ್ಥವೇನು?

ಹುಬ್ಬಳ್ಳಿಯ ಗೋಪನಕೊಪ್ಪದ ಒಂದು ಮನೆಯಲ್ಲಿ ಎಂಟು ವರ್ಷದ ಬಾಲಕನೊಬ್ಬನಿದ್ದಾನೆ ಎಂದಿಟ್ಟುಕೊಳ್ಳೋಣ. ಓದಿನಲ್ಲಿ ಆತ ಓರಗೆಯವರಿಗಿಂತ ಹಿಂದೆ. ಶಿಕ್ಷಕರ ಸಲಹೆಯಂತೆ ತಾಯಿ ಆತನನ್ನು ಮನಃಶಾಸ್ತ್ರಜ್ಞರ ಬಳಿ ಕರೆದೊಯ್ಯುತ್ತಾಳೆ. ಪರೀಕ್ಷೆಯ ನಂತರ ಕೈಗೆ ಬಂದ ವರದಿಯಲ್ಲಿ ‘ಬುದ್ಧಿಲಬ್ಧ (ಐ.ಕ್ಯೂ.) 75’ ಎಂದಿದೆ. ತಾಯಿಗೆ ಅದು ಮಗನ ಭವಿಷ್ಯದ ಕುರಿತ ತೀರ್ಪಿನಂತೆ ಕಾಣುತ್ತದೆ. ವಾಸ್ತವವಾಗಿ ಅದು ತೀರ್ಪಲ್ಲ, ಒಂದು ಹೋಲಿಕೆ ಮಾತ್ರ. ಯಾರೊಡನೆ, ಯಾವಾಗ, ಯಾವ ಭಾಷೆಯಲ್ಲಿ ಹೋಲಿಸಲಾಯಿತು ಎಂಬುದನ್ನು ಅರಿಯದೆ ಆ ಅಂಕಿಗೆ ಅರ್ಥವಿಲ್ಲ.

ಧಾರವಾಡದ ಕೊಡುಗೆ

ಬುದ್ಧಿಶಕ್ತಿಯ ಮೊದಲ ವ್ಯವಸ್ಥಿತ ಪರೀಕ್ಷೆಯನ್ನು ರೂಪಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್. ವರ್ಷ 1905. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅದನ್ನು ಪರಿಷ್ಕರಿಸಿದರು.

ಆದರೆ ಅಮೆರಿಕದ ಮಕ್ಕಳಿಗೆ ಸಿದ್ಧಪಡಿಸಿದ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಒಪ್ಪುವುದೆಂತು? ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸ್ಟ್ಯಾನ್‌ಫರ್ಡ್ ಆವೃತ್ತಿಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿ, ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, 1934ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮುಂದೆ ದೇಶದಾದ್ಯಂತ ‘ಬಿನೆ-ಕಾಮತ್ ಪರೀಕ್ಷೆ’ ಎಂದು ಬಳಕೆಗೆ ಬಂದದ್ದು ಇದೇ.

ಪ್ರಮಾಣೀಕರಣ ಮತ್ತು ಮಾನಕ

ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ, ಒಂದೇ ಸೂಚನೆ, ಒಂದೇ ರೀತಿಯ ಅಂಕ ನೀಡಿಕೆ. ಇದು ಪ್ರಮಾಣೀಕರಣ. ಹಾಗೆ ಪರೀಕ್ಷಿಸಿದ ದೊಡ್ಡ ಸಮೂಹದ ಸಾಧನೆಯೇ ‘ಮಾನಕ’, ಅಂದರೆ ಹೋಲಿಕೆಯ ಅಳತೆಗೋಲು. ಬಿನೆ-ಕಾಮತ್ ಪರೀಕ್ಷೆಯಲ್ಲಿ ಮಗುವಿನ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. ಎಂಟು ವರ್ಷದ ಬಾಲಕ ಆರು ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ ಬುದ್ಧಿಲಬ್ಧ 75.

ಮಾನಕಕ್ಕೂ ವಯಸ್ಸಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕನ್ನರ ಸರಾಸರಿ ಅಂಕ ಪ್ರತಿ ದಶಕಕ್ಕೆ ಸುಮಾರು ಮೂರರಷ್ಟು ಏರುತ್ತಿತ್ತೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದರು. ಎಂದರೆ ಹಳೆಯ ಮಾನಕದೊಡನೆ ಹೋಲಿಸಿದರೆ ಇಂದಿನ ಮಗುವಿನ ಅಂಕ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಸಾಮಾನ್ಯವಾಗಿ 70ರ ಆಸುಪಾಸನ್ನು ಬೌದ್ಧಿಕ ವೈಕಲ್ಯದ ಗಡಿಯೆಂದು ಪರಿಗಣಿಸಲಾಗುತ್ತದೆ. 75 ಬಂದ ಬಾಲಕ ಹೊಸ ಮಾನಕದಲ್ಲಿ ಈ ಗಡಿಯ ಕೆಳಗಿರಬಹುದು. ಹಾಗಾದಲ್ಲಿ ಆತನಿಗೆ ಸಲ್ಲಬೇಕಾದ ನೆರವು ಕೈತಪ್ಪುತ್ತದೆ.

ವಿಶ್ವಾಸಾರ್ಹತೆ

ಒಂದೇ ಚೀಲ ಜೋಳವನ್ನು ತಕ್ಕಡಿ ಇಂದು ಒಂದು ತೂಕ, ನಾಳೆ ಇನ್ನೊಂದು ತೂಕ ತೋರಿಸಿದರೆ ಅದನ್ನು ಯಾರೂ ನಂಬರು. ಪರೀಕ್ಷೆಯೂ ಹಾಗೆಯೇ, ಮತ್ತೆ ನಡೆಸಿದಾಗ ಹೆಚ್ಚುಕಡಿಮೆ ಅದೇ ಫಲಿತಾಂಶ ಕೊಡಬೇಕು. ಆದರೆ ದಣಿವು, ಹಸಿವು, ಅಪರಿಚಿತರ ಭಯ ಇವೆಲ್ಲ ಮಗುವಿನ ಉತ್ತರವನ್ನು ಬದಲಿಸುತ್ತವೆ. ಆದ್ದರಿಂದ 75 ಎಂಬುದನ್ನು ಒಂದು ಬಿಂದುವೆಂದು ತಿಳಿಯದೆ, ಸುಮಾರು 70ರಿಂದ 80ರವರೆಗಿನ ವ್ಯಾಪ್ತಿಯೆಂದು ಓದುವುದು ಸೂಕ್ತ.

ಸಿಂಧುತ್ವ

ತಕ್ಕಡಿ ನಿಖರವಾಗಿದ್ದರೂ ಅದರಿಂದ ಎತ್ತರವನ್ನು ಅಳೆಯಲಾಗದು. ಅಳೆಯಬೇಕಾದುದನ್ನೇ ಪರೀಕ್ಷೆ ಅಳೆಯುತ್ತಿದೆಯೇ ಎಂಬುದು ಸಿಂಧುತ್ವದ ಪ್ರಶ್ನೆ. ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಆಡುವ ಮಗುವಿಗೆ ಗ್ರಾಂಥಿಕ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಅಳತೆಯಾಗುವುದು ಭಾಷಾಜ್ಞಾನವೇ ಹೊರತು ಬುದ್ಧಿಯಲ್ಲ. ಇಲ್ಲಿ ದೋಷ ವಿರುದ್ಧ ದಿಕ್ಕಿನದು. ಚುರುಕಾದ ಮಗುವೂ ‘ಮಂದಬುದ್ಧಿ’ ಎನಿಸಿಕೊಳ್ಳುವ ಅಪಾಯವಿದೆ.

ಅಂಕಿಯೊಂದೇ ಸಾಲದು

ಕಾನೂನೂ ಅಂಕಿಯೊಂದನ್ನೇ ನೆಚ್ಚಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ-2016ರ ಪ್ರಕಾರ ಬೌದ್ಧಿಕ ವೈಕಲ್ಯವೆಂದರೆ ಗ್ರಹಿಕೆ, ಕಲಿಕೆಯಂಥ ಬೌದ್ಧಿಕ ಸಾಮರ್ಥ್ಯದಲ್ಲಿಯೂ ನಿತ್ಯಜೀವನದ ಹೊಂದಾಣಿಕೆಯಲ್ಲಿಯೂ ಗಣನೀಯ ಮಿತಿ ಇರುವುದು. ತಾನೇ ಉಣ್ಣುವುದು, ಬಟ್ಟೆ ತೊಡುವುದು, ಅಂಗಡಿಗೆ ಹೋಗಿ ಬರುವುದು ಇವೆಲ್ಲ ಎರಡನೆಯ ಭಾಗಕ್ಕೆ ಸೇರುತ್ತವೆ. ವಯಸ್ಸಿಗೆ ತಕ್ಕಂತೆ ಇವುಗಳನ್ನು ಅಳೆಯಲು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತಾ ಮಾಪನವಿದೆ. ಇಲ್ಲಿ ಮುಖ್ಯ ಮಾಹಿತಿದಾರಳು ಸ್ವತಃ ತಾಯಿಯೇ.

ಆದ್ದರಿಂದ ವರದಿ ಪಡೆಯುವ ಪೋಷಕರು ಸಂಕೋಚವಿಲ್ಲದೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಯಾವ ಪರೀಕ್ಷೆ ನಡೆಸಲಾಯಿತು? ಅದರ ಮಾನಕ ಯಾವ ಕಾಲದ್ದು? ಮಗುವಿನ ಮನೆಮಾತಿನಲ್ಲಿ ಪ್ರಶ್ನಿಸಲಾಯಿತೇ? ದೈನಂದಿನ ಕೌಶಲಗಳನ್ನು ಪರಿಗಣಿಸಲಾಯಿತೇ? ಪರೀಕ್ಷಿಸಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂಬುದನ್ನೂ ವಿಚಾರಿಸಬಹುದು. ಸಂದೇಹವಿದ್ದಲ್ಲಿ ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ಮತ್ತೊಮ್ಮೆ ಸಲಹೆ ಪಡೆಯಬಹುದು.

ಬಿನೆ ಪರೀಕ್ಷೆ ರೂಪಿಸಿದ್ದು ಮಕ್ಕಳಿಗೆ ಹಣೆಪಟ್ಟಿ ಹಚ್ಚಲೆಂದಲ್ಲ, ಅವರಿಗೆ ಯಾವ ನೆರವು ಬೇಕೆಂದು ತಿಳಿಯಲೆಂದು. ವರದಿಯ ಕೊನೆಯಲ್ಲಿ ಮುಂದೇನು ಮಾಡಬೇಕೆಂಬ ಸಲಹೆ ಇಲ್ಲದಿದ್ದರೆ, ಅಂಕಿ ಎಷ್ಟೇ ನಿಖರವಾಗಿರಲಿ, ಪರೀಕ್ಷೆ ಅರ್ಧಕ್ಕೇ ನಿಂತಂತೆ.