ಗೂಡಿನ ಬಾಗಿಲಲ್ಲಿ ನಿಂತ ಹೇಟೆ

ಸಂತೆಯಿಂದ ತಂದ ಐದು ನಾಟಿ ಹೇಟೆಗಳು ಮೊದಲ ಸಂಜೆಯೇ ಹಿತ್ತಲಿನ ಹಲಸಿನ ಮರ ಹತ್ತಿ ಕೂತವು. ಕೆಳಗೆ ಹೊಸ ಗೂಡು, ಹಾಸಿದ ಭತ್ತದ ಹೊಟ್ಟು, ನೀರು ಎಲ್ಲ ಸಿದ್ಧವಿತ್ತು. ಅವು ತಿರುಗಿಯೂ ನೋಡಲಿಲ್ಲ. ಮೂರನೆಯ ಬೆಳಿಗ್ಗೆ ಎಣಿಸಿದರೆ ನಾಲ್ಕೇ. ಮರದಡಿ ಒಂದಿಷ್ಟು ಪುಕ್ಕ ಬಿದ್ದಿತ್ತು. "ಕಾಡುಬೆಕ್ಕಿನ ಕೆಲ್ಸ," ಎಂದರು ಪಕ್ಕದ ಮನೆಯ ಅಜ್ಜಿ. "ಕೂಡಿ ಹಾಕ್ದೆ ಬಿಟ್ರೆ ಅವಕ್ಕೆ ಮನೆ ಯಾವ್ದು ಅಂತ ಹೆಂಗ್ ಗೊತ್ತಾಗ್ಬೇಕು ಮಗಾ?"

ಮರ ಹತ್ತಿದ್ದು ಕೋಳಿಯ ತಪ್ಪಲ್ಲ. ಸಾಕುಕೋಳಿಯ ಮೂಲಪುರುಷ ಏಷ್ಯಾದ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ರಕ್ತವೂ ಅದರಲ್ಲಿ ಬೆರೆತಿದೆ. ಹಳದಿ ಚರ್ಮದ ಜೀನ್ ಅಲ್ಲಿಂದ ಬಂದದ್ದೆಂದು ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಇವೆರಡೂ ಹಗಲೆಲ್ಲ ನೆಲ ಕೆದಕಿ, ಇರುಳಿಗೆ ಕೊಂಬೆ ಏರುತ್ತವೆ. ಏರಲೇಬೇಕು, ಏಕೆಂದರೆ ಕತ್ತಲಾದರೆ ಅವಕ್ಕೆ ಕಣ್ಣು ಕಾಣದು. ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮ ಕಣ್ಣಲ್ಲಿ ಮೂರು ಬಗೆ, ಕೋಳಿಯಲ್ಲಿ ನಾಲ್ಕು. ಮಬ್ಬಿನಲ್ಲಿ ನೋಡಲು ಬೇಕಾದ ದಂಡಕೋಶಗಳು ಮಾತ್ರ ಕಡಿಮೆ. ಹಗಲಲ್ಲಿ ಸಾಸಿವೆಯಂಥ ಹುಳುವನ್ನೂ ಹೆಕ್ಕುವ ಹಕ್ಕಿ ಇರುಳಲ್ಲಿ ಕೈಗೆ ಸುಲಭವಾಗಿ ಸಿಗುವುದು ಇದಕ್ಕೇ.

ಹೊತ್ತು ಇಳಿಯುತ್ತಿದೆ ಎಂಬುದು ಕೋಳಿಗೆ ತಿಳಿಯುವುದು ಕಣ್ಣಿನಿಂದ ಮಾತ್ರವೂ ಅಲ್ಲ. ತಲೆಬುರುಡೆಯ ಕೆಳಗಿರುವ ಪೀನಿಯಲ್ ಗ್ರಂಥಿಗೆ ಮೂಳೆ ದಾಟಿ ಬೆಳಕು ತಲುಪುತ್ತದೆ. ಆ ಬೆಳಕನ್ನು ಹಿಡಿಯುವ ಪಿನಾಪ್ಸಿನ್ ಎಂಬ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು 1994ರಲ್ಲಿ ಕೋಳಿಯಲ್ಲೇ ಕಂಡುಹಿಡಿದರು. ಕತ್ತಲಾದಂತೆ ಈ ಗ್ರಂಥಿ ಮೆಲಟೋನಿನ್ ಸುರಿಸುತ್ತದೆ, ಹಕ್ಕಿಗೆ ತೂಕಡಿಕೆ ಹತ್ತುತ್ತದೆ.

ಹಾಗಾಗಿ ಯಾವಾಗ ಮಲಗಬೇಕೆಂದು ಕೋಳಿಗೆ ಯಾರೂ ಕಲಿಸಬೇಕಿಲ್ಲ. ಎಲ್ಲಿ ಎಂಬುದನ್ನಷ್ಟೇ ಕಲಿಸಬೇಕು. ಅಜ್ಜಿ ಹೇಳಿದಂತೆ ಒಂದು ವಾರ ನಾಲ್ಕನ್ನೂ ಗೂಡಿನಲ್ಲೇ ಕೂಡಿಹಾಕಿದೆ. ಮೇವು, ನೀರು, ನಿದ್ದೆ ಎಲ್ಲ ಅಲ್ಲೇ. ಸಂಜೆ ಮಾತ್ರ ತಟ್ಟೆ ಬಡಿದು ಒಂದು ಹಿಡಿ ನುಚ್ಚು ಹಾಕುತ್ತಿದ್ದೆ.

ಎಂಟನೆಯ ದಿನ ಹೊರಬಿಟ್ಟೆ. ಆರೂವರೆಗೆ ತಟ್ಟೆ ಬಡಿದಾಗ ಮೂರು ಓಡಿ ಬಂದು ಒಳಹೊಕ್ಕವು. ಕಂದು ಹೇಟೆ ಬಾಗಿಲಲ್ಲೇ ನಿಂತಿತು. ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ಒಳಗೆ ನೋಡಿತು, ಮತ್ತೆ ಇನ್ನೊಂದರಿಂದ. ಒಂದು ಹೆಜ್ಜೆ ಇಟ್ಟು ಹಿಂದೆಗೆದು, ಸೀದಾ ಮರದ ಕಡೆ ನಡೆಯಿತು.

ಅದರ ಜಾಗದಲ್ಲಿ ನಿಂತು ಬಗ್ಗಿ ನೋಡಿದಾಗಲೇ ನನಗೆ ಹೊಳೆದದ್ದು: ಅಂಗಳದಲ್ಲಿ ಇನ್ನೂ ಬೆಳಕಿತ್ತು, ಗೂಡಿನೊಳಗೆ ಆಗಲೇ ಕತ್ತಲು. ಕಾಣದ ಜಾಗಕ್ಕೆ ಅದು ಏಕೆ ಕಾಲಿಡುತ್ತದೆ? ಮರುದಿನ ಒಂದು ಸಣ್ಣ ಬಲ್ಬು ಹಾಕಿ, ಎಲ್ಲ ಏರಿ ಕೂತ ಮೇಲೆ ಆರಿಸುವುದನ್ನು ರೂಢಿ ಮಾಡಿದೆ. ಒಳಗೆ ಸೊಂಟದೆತ್ತರಕ್ಕೆ ಮರದ ಗಳವೊಂದನ್ನು ಅಡ್ಡ ಕಟ್ಟಿದೆ. ಬಲವಿರುವ ಕೋಳಿ ಎತ್ತರದ ಜಾಗ ಹಿಡಿಯುತ್ತದೆ, ಆದ್ದರಿಂದ ಎಲ್ಲಕ್ಕೂ ಸಾಲುವಷ್ಟು ಉದ್ದವಿರಬೇಕು. ಚೆನ್ನಾಗಿ ಕಲಿತ ಕೋಳಿ ಇದ್ದಕ್ಕಿದ್ದಂತೆ ಗೂಡಿಗೆ ಬೆನ್ನು ಹಾಕಿದರೆ ಗಳದ ಬಿರುಕುಗಳನ್ನು ನೋಡಬೇಕು. ಹಗಲು ಅಲ್ಲಿ ಅವಿತು ರಾತ್ರಿ ರಕ್ತ ಹೀರುವ ಕೆಂಪು ನುಸಿ ಸೇರಿರಬಹುದು.

ಕಂದು ಹೇಟೆಯನ್ನು ಕತ್ತಲಾದ ಮೇಲೆ ಕೊಂಬೆಯಿಂದ ಇಳಿಸಿ ಗಳದ ಮೇಲೆ ಕೂರಿಸುತ್ತ ಬಂದೆ. ನಾಲ್ಕನೆಯ ಸಂಜೆ ಅದು ಬಾಗಿಲಲ್ಲಿ ತುಸು ನಿಂತು, ಹೊಸ್ತಿಲು ದಾಟಿತು. ಅಗುಳಿ ಹಾಕುವ ಮುನ್ನ ಈಗಲೂ ಎಣಿಸುತ್ತೇನೆ: ಒಂದು, ಎರಡು, ಮೂರು, ನಾಲ್ಕು.