ಸರೋವರಕ್ಕಿಂತ ಮೊದಲು ಕಣಿವೆ

ಬೆಟ್ಟದ ಹಾದಿಯ ನಡಿಗೆ ಆರೋಗ್ಯಕ್ಕೆ ಹಿತಕರವೆಂಬುದರಲ್ಲಿ ಎರಡು ಮಾತಿಲ್ಲ. ಹೃದಯ, ಶ್ವಾಸಕೋಶ ಮತ್ತು ಕಾಲಿನ ಸ್ನಾಯುಗಳಿಗೆ ಏಕಕಾಲದಲ್ಲಿ ವ್ಯಾಯಾಮ ದೊರೆಯುತ್ತದೆ. ಮನಸ್ಸಿನ ಭಾರವೂ ಇಳಿಯುತ್ತದೆ. ಆದರೆ ನಮ್ಮ ನಾಡಿನ ಬೆಟ್ಟಗಳಲ್ಲಿ ಕಲಿತ ಪಾಠ ಹಿಮಾಲಯದಲ್ಲಿ ಅರ್ಧಕ್ಕೆ ಮಾತ್ರ ಸಾಲುತ್ತದೆ. ಉಳಿದರ್ಧವನ್ನು ನಾವು ಹನ್ನೊಂದು ಜನ ಕಲಿತದ್ದು ಕಳೆದ ಆಗಸ್ಟ್ ತಿಂಗಳ ಕೊನೆಯಲ್ಲಿ, ಉತ್ತರಾಖಂಡದ ಚಮೋಲಿ ಜಿಲ್ಲೆಯ ಭ್ಯೂಂಡಾರ್ ಕಣಿವೆಯಲ್ಲಿ. ಆ ಪಾಠದ ಬೆಲೆಯನ್ನು ನಮ್ಮ ಪರವಾಗಿ ತೆತ್ತವರು ಅರವತ್ತೆರಡು ವರ್ಷದ ಒಬ್ಬ ನಿವೃತ್ತ ಶಿಕ್ಷಕಿ. ನಾವೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತೇವೆ.

ಬದರಿನಾಥಕ್ಕೆ ಹೋಗುವ ಹೆದ್ದಾರಿಯಲ್ಲಿ ಜೋಶಿಮಠವನ್ನು ದಾಟಿದ ಮೇಲೆ ಗೋವಿಂದಘಾಟ್ ಸಿಗುತ್ತದೆ. ಅಲ್ಲಿ ಲಕ್ಷ್ಮಣಗಂಗೆಯು ಅಲಕನಂದೆಯನ್ನು ಕೂಡುತ್ತದೆ. ಪುಲನಾ ಎಂಬ ಹಳ್ಳಿಯವರೆಗೆ ನಾಲ್ಕು ಕಿಲೋಮೀಟರ್ ಜೀಪಿನ ದಾರಿ. ಮುಂದೆ ಘಾಂಘರಿಯಾದವರೆಗೆ ಸುಮಾರು ಹತ್ತು ಕಿಲೋಮೀಟರ್ ನಡಿಗೆ. ಹಾದಿಯುದ್ದಕ್ಕೂ ನದಿಯ ಭೋರ್ಗರೆತ ಜೊತೆಗಿರುತ್ತದೆ. ಎದುರಿನ ಬಂಡೆಗಳ ಮೇಲಿಂದ ಜಲಪಾತಗಳು ಬಿಳಿಯ ಎಳೆಗಳಂತೆ ಇಳಿಯುತ್ತವೆ. ಘಾಂಘರಿಯಾವನ್ನು ಬಿಟ್ಟೊಡನೆ ದಾರಿ ಕವಲೊಡೆಯುತ್ತದೆ. ಎಡಗಡೆಯದು ಹೂಗಳ ಕಣಿವೆಗೆ, ಬಲಗಡೆಯದು ಹೇಮಕುಂಡ ಸರೋವರಕ್ಕೆ. 1931ರಲ್ಲಿ ಕಾಮೆಟ್ ಶಿಖರವನ್ನೇರಿ ಮರಳುತ್ತಿದ್ದ ಫ್ರಾಂಕ್ ಸ್ಮೈತ್ ಎಂಬ ಆಂಗ್ಲ ಪರ್ವತಾರೋಹಿಯಿಂದ ಹೊರಜಗತ್ತಿಗೆ ಪರಿಚಿತವಾದ ಈ ಹೂಗಳ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸರೋವರದ ದಡದಲ್ಲಿ ಸಿಖ್ಖರ ಪವಿತ್ರ ಗುರುದ್ವಾರವೂ ಲಕ್ಷ್ಮಣನ ಗುಡಿಯೂ ಇವೆ.

ಇನ್ನು ಎತ್ತರದ ಲೆಕ್ಕ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಗೋವಿಂದಘಾಟ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ಅಂದರೆ ನಮ್ಮ ಬೆಟ್ಟಗಳು ಎಲ್ಲಿ ಮುಗಿಯುತ್ತವೆಯೋ ಹೆಚ್ಚುಕಡಿಮೆ ಅಲ್ಲಿಂದಲೇ ಆ ಹಾದಿ ಆರಂಭವಾಗುತ್ತದೆ. ಘಾಂಘರಿಯಾ ಸುಮಾರು 3,050 ಮೀಟರ್. ಹೇಮಕುಂಡ 4,300 ಮೀಟರಿಗೂ ಮೇಲೆ. ಕೊನೆಯ ಆರು ಕಿಲೋಮೀಟರಿನಲ್ಲೇ 1,200 ಮೀಟರಿಗೂ ಹೆಚ್ಚು ಏರಬೇಕು. ಹೂಗಳ ಕಣಿವೆಯ ದಾರಿಯಾದರೋ ಒಂದು ಏರನ್ನು ದಾಟಿದ ಮೇಲೆ ಬಹುಮಟ್ಟಿಗೆ ಸೌಮ್ಯವಾಗಿದೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕುಗ್ಗುತ್ತದೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ವಾಸ್ತವದಲ್ಲಿ ಅದರ ಪಾಲು ಎಲ್ಲೆಡೆಯೂ ಶೇಕಡಾ 21 ಇರುತ್ತದೆ. ಕುಗ್ಗುವುದು ಗಾಳಿಯ ಒತ್ತಡ. 3,000 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು ಶೇಕಡಾ 70ರಷ್ಟು, 4,300 ಮೀಟರ್ ಎತ್ತರದಲ್ಲಿ ಸುಮಾರು ಶೇಕಡಾ 60ರಷ್ಟು ಮಾತ್ರ. ಹಾಗಾಗಿ ಒಂದೊಂದು ಉಸಿರಿನಲ್ಲೂ ದೇಹಕ್ಕೆ ದಕ್ಕುವ ಆಮ್ಲಜನಕ ಕಡಿಮೆ. ದೇಹವು ಇದಕ್ಕೆ ಹೊಂದಿಕೊಳ್ಳಬಲ್ಲದು: ಉಸಿರು ಆಳವಾಗುತ್ತದೆ, ನಾಡಿಯ ಗತಿ ಏರುತ್ತದೆ, ಮೂತ್ರಪಿಂಡಗಳು ರಕ್ತದ ಆಮ್ಲ-ಕ್ಷಾರಗಳ ಸಮತೋಲನವನ್ನು ಸರಿಪಡಿಸುತ್ತವೆ. ಆದರೆ ಈ ಹೊಂದಾಣಿಕೆಗೆ ದಿನಗಳೇ ಬೇಕು. ಎಷ್ಟೇ ಕಸುವಿರುವ ಕಾಲುಗಳೂ ಆ ಅವಧಿಯನ್ನು ಮೊಟಕುಗೊಳಿಸಲಾರವು.

ನಾವು ಎಡವಿದ್ದು ಇಲ್ಲಿಯೇ. ರಜೆಯ ದಿನಗಳು ಕಡಿಮೆಯಿದ್ದುದರಿಂದ, ಕಷ್ಟದ ಸರೋವರವನ್ನು ಮೊದಲು ಮುಗಿಸಿ, ಸುಲಭದ ಕಣಿವೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡರಾಯಿತೆಂದು ತೀರ್ಮಾನಿಸಿದೆವು. ಘಾಂಘರಿಯಾದಲ್ಲಿ ಒಂದೇ ರಾತ್ರಿ ಕಳೆದು, ಬೆಳಗಿನ ಐದಕ್ಕೆ ಸರೋವರದ ದಾರಿ ಹಿಡಿದೆವು. ಗುಂಪಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಇಪ್ಪತ್ತಾರರ ಒಬ್ಬ ತರುಣ. ಊರಿನಲ್ಲಿ ದಿನವೂ ಓಡುವವನು. ರಾತ್ರಿಯಿಡೀ ತಲೆ ಸಿಡಿಯುತ್ತಿದ್ದುದನ್ನೂ ಊಟ ಸೇರದೆ ಹೋದುದನ್ನೂ ಅವನು ಯಾರಿಗೂ ತಿಳಿಸಿರಲಿಲ್ಲ. ಹಿರಿಯರೇ ನಡೆಯುತ್ತಿರುವಾಗ ತಾನು ನರಳುವುದೆಂತು ಎಂಬ ಸಂಕೋಚ ಅವನನ್ನು ತಡೆದಿತ್ತು.

ಸುಮಾರು ನಾಲ್ಕು ಕಿಲೋಮೀಟರ್ ಏರಿದ ಮೇಲೆ ಅವನು ದಾರಿಯ ಬದಿಯಲ್ಲಿ ಕುಳಿತು ವಾಂತಿ ಮಾಡಿಕೊಂಡ. ಪಿತ್ತವಿರಬೇಕು, ಸ್ವಲ್ಪ ಹೊತ್ತಿಗೆ ಸರಿಹೋದೀತೆಂದು ನಾವು ನಿಂಬೆಹುಳಿ ಕೊಟ್ಟೆವು. ಹಿಂದಿನಿಂದ ನಿಧಾನವಾಗಿ ಬಂದ ಅಕ್ಕೋರು ಅವನ ಮುಖವನ್ನೊಮ್ಮೆ ನೋಡಿ, ಚಪ್ಪಡಿ ಕಲ್ಲಿನ ಅಂಚನ್ನು ತೋರಿಸಿ, "ತಮ್ಮಾ, ಈ ಗೆರಿ ಮ್ಯಾಲ ಹಿಮ್ಮಡಕ್ಕ ಹೆಬ್ಬೆರಳು ಹಚ್ಚಿ ನಾಕ್ ಹೆಜ್ಜಿ ನಡದು ತೋರಸು" ಎಂದರು. ಎರಡನೆಯ ಹೆಜ್ಜೆಗೇ ಅವನು ವಾಲಿದ. ಹೊರಡುವ ಮುನ್ನ ಅಕ್ಕೋರು ತಮ್ಮ ರಕ್ತದೊತ್ತಡದ ತಪಾಸಣೆಗೆ ಹೋದಾಗ ವೈದ್ಯರು ಹೇಳಿಕೊಟ್ಟ ಪರೀಕ್ಷೆಯದು. ನೇರ ಹೆಜ್ಜೆ ತಪ್ಪುವುದೆಂದರೆ ಮಿದುಳಿನಲ್ಲಿ ಬಾವು ಆರಂಭವಾಗಿರಬಹುದಾದ ಲಕ್ಷಣ; ಅದಕ್ಕೆ ಮೊದಲ ಮದ್ದು ಕೆಳಗಿಳಿಯುವುದು.

ಜೊತೆಗೆ ಇಳಿಯುವವರಾರು ಎಂಬ ಪ್ರಶ್ನೆ ಎದ್ದಾಗ ನಾವು ಒಂದು ಕ್ಷಣ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಈಗ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ಕ್ಷಣ ಕಳೆಯುವಷ್ಟರಲ್ಲಿ ಅಕ್ಕೋರು ಹೇಸರಗತ್ತೆಯವನನ್ನು ಕರೆದು ಬಾಡಿಗೆ ಗೊತ್ತುಮಾಡಿದ್ದರು. ಹೇಮಕುಂಡದ ದಡದಲ್ಲಿ ಬ್ರಹ್ಮಕಮಲ ಅರಳಿರುವುದನ್ನು ನೋಡಬೇಕೆಂದು ವರ್ಷಗಳಿಂದ ಪಿಂಚಣಿಯಲ್ಲಿ ಹಣ ಕೂಡಿಟ್ಟಿದ್ದವರು ಅವರು. ನಮ್ಮಲ್ಲಿ ಇನ್ನೊಬ್ಬರೂ ಅವರೊಡನೆ ಇಳಿದರು. ಘಾಂಘರಿಯಾದಲ್ಲಿ ನಿಲ್ಲದೆ ಸಂಜೆಯೊಳಗೆ ಗೋವಿಂದಘಾಟ್ ತಲುಪಿದರು. ಇಳಿದಂತೆಲ್ಲ ತರುಣನ ತಲೆನೋವು ತಗ್ಗಿತು. ಕೆಳಗೆ ವೈದ್ಯರು ಪರೀಕ್ಷಿಸಿ, ಇನ್ನೊಂದೆರಡು ಗಂಟೆ ಮೇಲೇರಿದ್ದರೆ ಜೀವಕ್ಕೇ ಅಪಾಯವಿತ್ತೆಂದರು. ಉಳಿದ ನಾವು ಸರೋವರವನ್ನೂ ಮರುದಿನ ಕಣಿವೆಯನ್ನೂ ಕಂಡೆವು. ಅಕ್ಕೋರು ಎರಡನ್ನೂ ಕಾಣಲಿಲ್ಲ.

ಆದುದರಿಂದ ಇಂಥ ಯಾತ್ರೆಗೆ ಹೊರಡುವ ಓದುಗರಲ್ಲಿ ನಮ್ಮ ಕೆಲವು ಅರಿಕೆಗಳಿವೆ.

ಮೊದಲನೆಯದು, ದಿನಗಳ ಕ್ರಮ. 3,000 ಮೀಟರಿನ ಮೇಲೆ ರಾತ್ರಿ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಾಮಾನ್ಯ ಸೂತ್ರ. ಗೋವಿಂದಘಾಟ್‌ನಿಂದ ಘಾಂಘರಿಯಾಕ್ಕೆ ಒಂದೇ ದಿನದಲ್ಲಿ 1,200 ಮೀಟರಿಗೂ ಮೇಲೆ ಏರಿರುತ್ತೇವೆ. ಎಂದೇ ಮರುದಿನ ಸೌಮ್ಯವಾದ ಹೂಗಳ ಕಣಿವೆಗೆ ಹೋಗಿಬಂದು, ಇನ್ನೊಂದು ರಾತ್ರಿ ಘಾಂಘರಿಯಾದಲ್ಲೇ ಮಲಗಿ, ಮೂರನೆಯ ದಿನ ಸರೋವರಕ್ಕೆ ಹೋಗುವುದು ಕ್ಷೇಮ. ಹೇಮಕುಂಡದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ; ಮಧ್ಯಾಹ್ನವೇ ಇಳಿಯತೊಡಗಬೇಕು.

ಎರಡನೆಯದು, ಲಕ್ಷಣಗಳನ್ನು ಮರೆಮಾಚದಿರುವುದು. ತಲೆನೋವಿನೊಡನೆ ಓಕರಿಕೆ, ತಲೆಸುತ್ತು, ಅತಿಯಾದ ಆಯಾಸ ಕಂಡರೆ ಮತ್ತೆ ಮೇಲೇರಬಾರದು. ವಿಶ್ರಮಿಸಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ಕುಳಿತಲ್ಲೇ ಏದುಸಿರು, ನೊರೆಗಫದ ಕೆಮ್ಮು, ಮಾತಿನಲ್ಲಿ ಗೊಂದಲ, ತೂರಾಡುವ ಹೆಜ್ಜೆ ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿಯೇ ತಡಮಾಡದೆ ಇಳಿಸಬೇಕು. ರೋಗಿಯನ್ನು ಒಬ್ಬಂಟಿಯಾಗಿ ಕಳುಹಿಸಲಾಗದು. ಯಾರಿಗಾದರೂ ಹೀಗಾದರೆ ಜೊತೆಗೆ ಇಳಿಯುವವರಾರೆಂಬುದನ್ನು ಊರು ಬಿಡುವ ಮುನ್ನವೇ ಗೊತ್ತುಮಾಡಿಕೊಂಡಿರಬೇಕು.

ಮೂರನೆಯದು, ಸಿದ್ಧತೆ. ಎರಡು ತಿಂಗಳ ಮೊದಲಿನಿಂದಲೇ ಮೆಟ್ಟಿಲುಗಳನ್ನು ಹತ್ತಿ ಇಳಿಯುವ ರೂಢಿ ಮಾಡಬೇಕು. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳೂ ಮಂಡಿಗಳೂ ಹತ್ತುವಾಗಿಗಿಂತ ಹೆಚ್ಚು ಬಳಲುತ್ತವೆ, ಕೈಯಲ್ಲಿ ಊರುಗೋಲಿರಲಿ. ನೆನೆದ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರುವುದರಿಂದ ಉಣ್ಣೆಯ ಅಂಗಿಯೊಂದು, ಮಳೆಯಂಗಿಯೊಂದು ಚೀಲದಲ್ಲಿರಲಿ. ಜಲಪಾತದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯುವುದು ಬೇಡ, ಹೇಸರಗತ್ತೆಗಳ ಹಾದಿಯದು. ಹುರಿಗಡಲೆ, ಶೇಂಗಾ ಚಿಕ್ಕಿ ಜೇಬಿನಲ್ಲಿದ್ದು ಆಗಾಗ ಬಾಯಿಗೆ ಬೀಳುತ್ತಿರಲಿ. ಮಧುಮೇಹಿಗಳು ದಿನವೂ ಸಂಜೆ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ಹತ್ತಿರ ಇರಿಸಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆ ನಿಲ್ಲಿಸಬಾರದು. ಹೃದ್ರೋಗ, ಶ್ವಾಸಕೋಶದ ಕಾಯಿಲೆ ಇರುವವರು ವೈದ್ಯರು ಒಪ್ಪಿದರೆ ಮಾತ್ರ ಹೊರಡಬೇಕು. ಎತ್ತರದ ಹೊಂದಾಣಿಕೆಗೆ ನೆರವಾಗುವ ಅಸಿಟಾಜೋಲಮೈಡ್ ಮಾತ್ರೆಯನ್ನೂ ಅವರ ಸಲಹೆಯಿಲ್ಲದೆ ಸೇವಿಸಲಾಗದು. ಮುಖ್ಯವಾಗಿ ಸಲ್ಫಾ ಔಷಧಿ ಒಗ್ಗದವರು ಆ ಸಂಗತಿಯನ್ನು ಮೊದಲೇ ತಿಳಿಸಬೇಕು.

ಅಕ್ಕೋರು ಈ ವರ್ಷ ಮತ್ತೆ ಹೊರಟಿದ್ದಾರೆ. ಜೊತೆಗೆ ಆ ತರುಣನಿದ್ದಾನೆ, ನಾವೂ ಇದ್ದೇವೆ. ಈ ಸಲದ ಪಟ್ಟಿಯನ್ನು ಬರೆದವರು ಅವರೇ: ಘಾಂಘರಿಯಾದಲ್ಲಿ ಮೂರು ರಾತ್ರಿ, ಮೊದಲು ಕಣಿವೆ, ಆಮೇಲೆ ಸರೋವರ. ಪಟ್ಟಿಯ ಕೆಳಗೆ, ಯಾರಿಗಾದರೂ ತೊಂದರೆಯಾದರೆ ಜೊತೆಗೆ ಇಳಿಯುವವರೆಂದು ಇಬ್ಬರ ಹೆಸರಿದೆ. ಈ ಬಾರಿ ಆ ಹೆಸರುಗಳನ್ನು ನಾವೇ ಕೇಳಿ ಬರೆಸಿದ್ದೇವೆ. ಅವುಗಳಲ್ಲಿ ಅಕ್ಕೋರ ಹೆಸರಿಲ್ಲ.